ಹುಣಸೆಹಣ್ಣು ಮುಟ್ಟಿಸಬಾರದ ಕಾಸು

ತಾಮ್ರದ ತಂಬಿಗೆಯನ್ನು ಹುಣಸೆಹಣ್ಣಿನಿಂದ ತಿಕ್ಕಿ ಫಳಫಳ ಹೊಳೆಯಿಸುವುದನ್ನು ನೋಡುತ್ತ ಬೆಳೆದವನಿಗೆ, ರೋಮನ್ನರ ಕೊನೆಗಾಲದ ಕಂಚಿನ ಕಾಸನ್ನು ಹಿಡಿದುಕೊಂಡು ಸುಮ್ಮನಿರುವುದು ಒಂದು ವ್ರತವೇ ಸರಿ. ಹುಳಿ ತಾಗಿದರೆ ಹದಿನೇಳು ಶತಮಾನ ಮಣ್ಣಿನಲ್ಲಿದ್ದು ಕಟ್ಟಿಕೊಂಡ ಕಂದು ಹಸಿರು ಪೊರೆ ಕಿತ್ತುಹೋಗುತ್ತದೆ. ಅಕ್ಷರಗಳು ಉಳಿದಿರುವುದು ಎಷ್ಟೋ ಸಲ ಆ ಪೊರೆಯಲ್ಲಿಯೇ. ಬಟ್ಟಿ ಇಳಿಸಿದ ನೀರಿನಲ್ಲಿ ವಾರಗಟ್ಟಲೆ ನೆನೆಸಿ, ಹಲ್ಲುಕಡ್ಡಿಯಿಂದ ಮಣ್ಣನ್ನಷ್ಟೇ ಎಬ್ಬಿಸಬೇಕು. ಪುಡಿಪುಡಿಯಾಗಿ ಉದುರುವ ತಿಳಿಹಸಿರು ಕಿಲುಬು ಕಂಡರೆ ಮಾತ್ರ ಆ ಕಾಸಿಗೆ ಬೇರೆ ಡಬ್ಬಿಯೇ ಗತಿ, ಅದು ಲೋಹವನ್ನು ಒಳಗಿನಿಂದ ತಿನ್ನುವ ರೋಗ.

ಮಣ್ಣು ಬಿಟ್ಟ ಮೇಲೆ ಕಾಣುವ ಮುಖದಿಂದ ಹೆಚ್ಚು ಪ್ರಯೋಜನವಿಲ್ಲ. ಕ್ರಿ.ಶ. 337ರಲ್ಲಿ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ತೀರಿಕೊಂಡಾಗ ಪಟ್ಟಕ್ಕೆ ಬಂದ ಅವನ ಮೂವರು ಮಕ್ಕಳ ಹೆಸರು ಕಾನ್‌ಸ್ಟಂಟೈನ್, ಕಾನ್‌ಸ್ಟಾಂಟಿಯಸ್, ಕಾನ್‌ಸ್ಟಾನ್ಸ್. ಲ್ಯಾಟಿನ್ನಿನಲ್ಲಿ ಮೂರಕ್ಕೂ ಮೊದಲ ಏಳು ಅಕ್ಷರ ಒಂದೇ. ಅಂಚು ಸವೆದು ಅವಿಷ್ಟೇ ಉಳಿದಿದ್ದರೆ, ಮೊಮ್ಮಕ್ಕಳಿಗೆಲ್ಲ ತಾತನ ಹೆಸರನ್ನೇ ಇಟ್ಟ ಮನೆಯಲ್ಲಿ ಕೂಗಿ ಕರೆದಂತಾಗುತ್ತದೆ.

ಆದ್ದರಿಂದ ಬಲ್ಲವರು ಕಾಸನ್ನು ಮಗುಚುತ್ತಾರೆ. ಇಬ್ಬರು ಸೈನಿಕರ ನಡುವೆ ಎರಡು ಧ್ವಜಗಳಿದ್ದರೆ ಅದು 330ರಿಂದ 335ರ ಆಸುಪಾಸಿನದು; ಒಂದೇ ಇದ್ದರೆ ನಂತರದ್ದು. ಅಷ್ಟು ಹೊತ್ತಿಗೆ ಕಾಸೂ ಕಿರಿದಾಗಿತ್ತು, ಎರಡಕ್ಕೆ ಜಾಗ ಸಾಲದಾಯಿತೇನೋ. ಪಾದಗಳ ಕೆಳಗಿನ ಗೆರೆಯ ಅಡಿಯಲ್ಲಿ ಟಂಕಸಾಲೆಯ ಗುರುತಿರುತ್ತದೆ. ನನ್ನಲ್ಲಿರುವ ಒಂದರಲ್ಲಿ ‘ಸಿಸ್’ ಎಂದಿದೆ: ಸಿಸ್ಕಿಯಾ, ಇಂದಿನ ಕ್ರೊಯೇಷಿಯಾದ ಸಿಸಾಕ್. ಅದರ ಮುಂಚೆ ಎಳ್ಳುಕಾಳಿನಷ್ಟು ಗಾತ್ರದ ಗಾಮಾ, ಗ್ರೀಕ್ ವರ್ಣಮಾಲೆಯ ಮೂರನೆಯ ಅಕ್ಷರ; ಅಂದರೆ ಅಲ್ಲಿನ ಮೂರನೆಯ ಕಾರ್ಯಶಾಲೆ. ಚಕ್ರವರ್ತಿ ಯಾರೆಂದು ತಿಳಿದಾಗಲೂ ಆಗದ ಖುಷಿ ಆ ಗಾಮಾ ಕಂಡಾಗ ಆಯಿತು.

348ರಲ್ಲಿ ಶುರುವಾದ ಇನ್ನೊಂದು ಬಗೆಯ ಮೇಲೆ ಶುಭಕಾಲ ಮರಳಿತೆಂಬ ಅರ್ಥದ ಬರಹವಿದೆ. ಚಿತ್ರದಲ್ಲಾದರೋ ಕುದುರೆಯೊಂದಿಗೆ ಉರುಳುತ್ತಿರುವ ಶತ್ರುವಿಗೆ ಸೈನಿಕನೊಬ್ಬ ಈಟಿ ಇರಿಯುತ್ತಿರುತ್ತಾನೆ. ಮುಂದಿನ ಹತ್ತು ವರ್ಷಗಳಲ್ಲಿ ಶುಭಕಾಲ ಹಾಗೆಯೇ ಉಳಿಯಿತು, ಕಾಸು ಮಾತ್ರ ಕುಗ್ಗುತ್ತ ಹೋಯಿತು.

ನಮ್ಮ ಚಂದ್ರವಳ್ಳಿ, ಯಶವಂತಪುರಗಳಲ್ಲಿ ಸಿಕ್ಕಿದ್ದು ಅದಕ್ಕೂ ಮುಂಚಿನ ಆಗಸ್ಟಸ್, ಟೈಬೀರಿಯಸ್ ಕಾಲದ ಬೆಳ್ಳಿ. ಈ ಬಡ ಕಂಚು ಕರೂರು, ಮದುರೆಗಳಲ್ಲಿ ಸಿಕ್ಕಿದೆ. ಶ್ರೀಲಂಕಾದಲ್ಲಂತೂ ಅದರ ನಕಲುಗಳನ್ನೂ ಮಾಡಿಕೊಂಡಿದ್ದರು.

ನೀರಿನ ಬಟ್ಟಲಿನಲ್ಲಿ ಇನ್ನೂ ನಾಲ್ಕು ಕಾಸುಗಳಿವೆ. ಒಂದರಲ್ಲಿ ಈವರೆಗೆ ಎದ್ದಿರುವುದು ಕುದುರೆಯ ಹಿಂಗಾಲಷ್ಟೇ.