ಐವತ್ತು ಲೀಟರಿನ ಚೀಲ

ಹಾಲು ಲೀಟರಿನ ಲೆಕ್ಕ, ಪೆಟ್ರೋಲು ಲೀಟರಿನ ಲೆಕ್ಕ. ಫ್ರಿಜ್ಜಿಗೂ ಅದೇ ಲೆಕ್ಕ ಅಂದಾಗ ಹೇಗೋ ಒಪ್ಪಿಕೊಂಡೆ, ಅದರೊಳಗೆ ಹಾಲಾದರೂ ಇರುತ್ತದಲ್ಲ. ಆದರೆ ಬಟ್ಟೆಬರೆ ತುಂಬಿ ಬೆನ್ನಿಗೆ ನೇತುಹಾಕಿಕೊಳ್ಳುವ ಚೀಲಕ್ಕೂ ಲೀಟರೇ ಅಳತೆ ಎಂದು ಗೊತ್ತಾದದ್ದು ಭಾವಮೈದ ನನ್ನನ್ನು ಅಂಗಡಿಗೆ ಎಳೆದುಕೊಂಡು ಹೋದ ದಿನ. "ಮೊದಲ ಸಲಕ್ಕೆ ಐವತ್ತು ಲೀಟರ್ ಸಾಕು ಭಾವ" ಅಂದ. ಐವತ್ತು ಲೀಟರ್ ಏನು ತುಂಬಬೇಕು ಎಂದು ಕೇಳಿದೆ. ಅಂಗಡಿಯ ಹುಡುಗ ನಗಲಿಲ್ಲ.

ಭಾವಮೈದ ಹಿಂದಿನ ವರ್ಷ ಗಂಗೋತ್ರಿಯಿಂದ ಹತ್ತಿ ಕೇದಾರತಾಲ್ ನೋಡಿಕೊಂಡು ಬಂದವನು. 4,700 ಮೀಟರಿಗೂ ಮೇಲಿರುವ ಹಿಮದ ಕೆರೆ ಅದು; ನಮ್ಮ ಚಾಮುಂಡಿ ಬೆಟ್ಟ ಸಾವಿರ ಮೀಟರ್ ಚಿಲ್ಲರೆ. ಮುಂದಿನ ಸಲ ನನ್ನನ್ನೂ ಕರೆದುಕೊಂಡು ಹೋಗುವ ಹುಮ್ಮಸ್ಸು ಅವನಿಗೆ. ಅದಕ್ಕೆ ಮೊದಲು ತಾಲೀಮು ಆಗಬೇಕಂತೆ. ಪಾಂಡವಪುರದ ಕುಂತಿಬೆಟ್ಟ ಹತ್ತಿ ಇಳಿದು, ಹೊರೆ ಹೊತ್ತು ನಡೆದು, ತೊಣ್ಣೂರು ಕೆರೆಯ ದಡದಲ್ಲಿ ಡೇರೆ ಹಾಕುವುದೆಂದು ತೀರ್ಮಾನವಾಯಿತು.

"ರೀ, ತೊಣ್ಣೂರಿಗೆ ಬಸ್ಸಿದೆಯಲ್ಲ" ಅಂದಳು ನನ್ನ ಹೆಂಡತಿ. ನಾವಿಬ್ಬರೂ ಕೇಳಿಸದವರ ಹಾಗೆ ಇದ್ದೆವು. ಆಯುಧಪೂಜೆಯ ದಿನ ಸ್ಕೂಟರಿನ ಪಕ್ಕದಲ್ಲಿ ಚೀಲವನ್ನೂ ನಿಲ್ಲಿಸಿ ಕುಂಕುಮ ಹಚ್ಚಿದೆ. ಇದು ಆಮೇಲೆ ಬರುತ್ತದೆ.

ಚೀಲ ಹೊರುವುದಕ್ಕೂ ಪಾಠವಿದೆ. ಭಾರ ಹೆಗಲ ಮೇಲೆ ಬೀಳಬಾರದು, ಸೊಂಟದ ಮೇಲೆ ಕೂರಬೇಕು. ಅದಕ್ಕೆಂದೇ ಸೊಂಟಕ್ಕೆ ದಪ್ಪ ಮೆತ್ತೆಯ ಪಟ್ಟಿ. ಭಾವಮೈದ ಇದನ್ನು ಮಹಾ ಶೋಧನೆಯಂತೆ ವಿವರಿಸುತ್ತಿದ್ದಾಗ ನನಗೆ ನಮ್ಮಜ್ಜಿ ನೆನಪಾದಳು. ಅವಳು ಬಾವಿಯಿಂದ ತರುತ್ತಿದ್ದದ್ದು ತಲೆಯ ಮೇಲೆ ಸಿಂಬಿ ಇಟ್ಟು ಒಂದು ಕೊಡ, ಸೊಂಟದಲ್ಲಿ ಇನ್ನೊಂದು. ಅವಳಿಗೆ ಲೀಟರ್ ಗೊತ್ತಿರಲಿಲ್ಲ, ಪಟ್ಟಿಯೂ ಇರಲಿಲ್ಲ.

ಜೂನ್‌, ಜುಲೈನಲ್ಲಿ ಮೈಸೂರು, ಮಂಡ್ಯದ ನಾವು ಮಳೆಯನ್ನು ನೋಡುವುದು ಹೆಚ್ಚಾಗಿ ಪೇಪರಿನಲ್ಲಿ. ಕೊಡಗಿನಲ್ಲಿ ಸುರಿದದ್ದು ಕನ್ನಂಬಾಡಿಗೆ ಬಂದು 124.80 ಅಡಿ ಮುಟ್ಟಿತಾ ಇಲ್ಲವಾ ಎಂಬುದೇ ನಮ್ಮ ಮಳೆಗಾಲ. ನಮ್ಮ ತಲೆಯ ಮೇಲೆ ಜೋರಾಗಿ ಬೀಳುವುದು ಸೆಪ್ಟೆಂಬರ್, ಅಕ್ಟೋಬರಿನ ಮಳೆ. ಅದು ಗೊತ್ತಿದ್ದೂ ನಾವು ಹೊರಟದ್ದು ಚಿತ್ತಾ ಮಳೆಯಲ್ಲಿ. ಅದರ ಜೊತೆಗೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ. ರೈಲು ಶ್ರೀರಂಗಪಟ್ಟಣ ದಾಟುವಾಗಲೇ ಕಿಟಕಿಯಾಚೆ ಏನೂ ಕಾಣುತ್ತಿರಲಿಲ್ಲ.

ಕುಂತಿಬೆಟ್ಟದ ವಿಷಯ ಹೆಚ್ಚು ಹೇಳುವುದಿಲ್ಲ, ಯಾಕೆಂದರೆ ಹೆಚ್ಚು ಹತ್ತಲಿಲ್ಲ. ಒಣಗಿದ್ದಾಗ ಕಾಲು ಕಚ್ಚಿ ಹಿಡಿಯುವ ಬಂಡೆ ನೆನೆದರೆ ಎಣ್ಣೆ ಸವರಿದ ಹಾಗೆ. ದೂರದಲ್ಲಿ ಒಮ್ಮೆ ಮಿಂಚಿತು. ಬೋಳು ಬಂಡೆಯ ಮೇಲೆ ಎಲ್ಲರಿಗಿಂತ ಎತ್ತರಕ್ಕೆ ನಿಂತಿರುವವರು ನಾವೇ ಎಂಬುದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ವನವಾಸದಲ್ಲಿ ಪಾಂಡವರು ಇಲ್ಲಿದ್ದರು ಅನ್ನುತ್ತಾರೆ. ಅವರು ಮಳೆಗಾಲದಲ್ಲಿ ಏನು ಮಾಡುತ್ತಿದ್ದರೋ.

ಕಬ್ಬಿನ ಗದ್ದೆಗಳ ನಡುವಿನ ದಾರಿಯಲ್ಲಿ ಎದುರಿಗೆ ಒಬ್ಬ ಯಜಮಾನರು ಎರಡು ಕುರಿ ಹೊಡೆದುಕೊಂಡು ಬಂದರು. ತಲೆಯ ಮೇಲೆ ಯೂರಿಯಾ ಚೀಲದ ಕೊಪ್ಪೆ. ಚೀಲದ ತಳದ ಒಂದು ಮೂಲೆಯನ್ನು ಇನ್ನೊಂದು ಮೂಲೆಯೊಳಕ್ಕೆ ಒತ್ತಿದರೆ ಆಯಿತು: ತಲೆಗೆ ಚೂಪು ಟೋಪಿ, ಬೆನ್ನಿಗೆ ಸೂರು. ಹಿಂದೆ ಗೋಣಿಚೀಲವಿತ್ತು, ಈಗ ಪ್ಲಾಸ್ಟಿಕ್. ಮಡಿಕೆ ಮಾತ್ರ ಅದೇ. ನನ್ನ ಎರಡು ಸಾವಿರದ ಜಾಕೆಟ್ಟಿನೊಳಗೆ ಹೊರಗಿನ ಮಳೆ, ಒಳಗಿನ ಬೆವರು ಎರಡೂ ಸೇರಿ ಹರಿಯುತ್ತಿದ್ದವು. ಅವರ ಹೆಗಲು ಒಣಗಿತ್ತು.

"ಎತ್ತಗ್ ಒಂಟ್ರಿ ಸಾಮಿ, ಈ ಮಳೇಲಿ?"

"ಕೆರೆ ನೋಡೋಕೆ."

"ಕೆರೆಯೇನ್ ಎದ್ದೋದದಾ? ಮಳೆ ನಿಂತ್ಮೇಲ್ ನೋಡುದ್ರಾಗಕಿಲ್ವಾ?"

ಕೇದಾರತಾಲಿನ ದಾರಿಯಲ್ಲಿ ಯಾರೂ ಇವನನ್ನು ಇಂಥ ಪ್ರಶ್ನೆ ಕೇಳಿರಲಾರರು. ಭಾವಮೈದ ಸುಮ್ಮನೆ ಶೂಗಳನ್ನು ನೋಡಿಕೊಂಡ. ಯಜಮಾನರು ನನ್ನ ಬೆನ್ನ ಕಡೆ ಬಗ್ಗಿ, "ಅಯ್ಯೋ, ಎಲ್ ಬಿದ್ರಿ, ರಕ್ತ ಬತ್ತಾ ಅದೆ" ಅಂದರು. ಆಯುಧಪೂಜೆಯ ಕುಂಕುಮ ಕರಗಿ ಪ್ಯಾಂಟಿನವರೆಗೂ ಇಳಿದಿತ್ತು. ರಕ್ತವಲ್ಲ ಅಂದರೂ ಅವರು ಕೇಳಲಿಲ್ಲ, ಕೈಹಿಡಿದು ಪಕ್ಕದ ಆಲೆಮನೆಗೆ ಕರೆದುಕೊಂಡು ಹೋದರು.

ಮಳೆ ಬಂದರೆ ಆಲೆಮನೆಗೂ ರಜೆ. ಹಾಲು ಹಿಂಡಿದ ಕಬ್ಬಿನ ರಚ್ಚನ್ನು ಅಂಗಳದಲ್ಲಿ ಒಣಗಿಸಿ ಅದನ್ನೇ ಒಲೆಗೆ ಉರಿಸಬೇಕು. ನೆನೆದ ರಚ್ಚು ಹೊಗೆಯಾಡುತ್ತದೆಯೇ ಹೊರತು ಹತ್ತಿಕೊಳ್ಳುವುದಿಲ್ಲ. ಉಳಿದಿದ್ದ ಒಣ ರಚ್ಚಿನಲ್ಲಿ ಬೆಳಿಗ್ಗೆ ಕೊನೆಯ ಕೊಪ್ಪರಿಗೆ ಇಳಿಸಿ ಎಲ್ಲರೂ ಬೀಡಿ ಹಚ್ಚಿಕೊಂಡು ಕೂತಿದ್ದರು. ಒಲೆಯ ಗೋಡೆ ಇನ್ನೂ ಬಿಸಿಯಿತ್ತು. ಅದಕ್ಕೆ ಬೆನ್ನು ಕೊಟ್ಟು ಕೂತ ಆ ಅರ್ಧ ಗಂಟೆಗೆ ಬೇಕಾದರೆ ಹತ್ತು ಹಿಮಾಲಯ ಬಿಟ್ಟುಕೊಡುತ್ತೇನೆ. ಬಕೆಟ್ ಬೆಲ್ಲದ ಅಂಚಿನಿಂದ ಒಂದು ತುಂಡು ಮುರಿದು ಕೊಟ್ಟರು. ಹೊರಗೆ ಗಟ್ಟಿ, ಒಳಗೆ ಇನ್ನೂ ಮಿದು, ಕಬ್ಬಿನ ಹೊಗೆಯ ವಾಸನೆ. ಅರ್ಧ ತಿಂದು ಅರ್ಧವನ್ನು ಚೀಲದ ಪಕ್ಕದ ಜೇಬಿಗೆ ಹಾಕಿಕೊಂಡೆ.

ಮಳೆ ಸೋನೆಗೆ ಇಳಿದ ಮೇಲೆ ಹೊರಟು, ಅಂತೂ ತೊಣ್ಣೂರಿನ ಏರಿ ಹತ್ತಿದೆವು. ಎರಡು ಬೆಟ್ಟಗಳ ನಡುವಿನ ಸಂದಿಗೆ ಏರಿ ಕಟ್ಟಿ ನೀರು ನಿಲ್ಲಿಸಿದ ಹಳೆಯ ಕೆರೆ. ರಾಮಾನುಜಾಚಾರ್ಯರು ಇದ್ದ ಊರು. ಕೆರೆಗೆ ಮೋತಿ ತಲಾಬ್ ಎಂದೂ ಹೆಸರು. ತಳದವರೆಗೂ ಕಾಣುವ ತಿಳಿನೀರು ನೋಡಿ ಮುತ್ತಿಗೆ ಹೋಲಿಸಿದರಂತೆ. ನಮಗೆ ತಳವಿರಲಿ, ಆಚೆ ದಡವೂ ಕಾಣಲಿಲ್ಲ. ಬೂದುಬಣ್ಣದ ನೀರು ಬೂದುಬಣ್ಣದ ಆಕಾಶಕ್ಕೆ ಹಾಗೇ ಅಂಟಿಕೊಂಡಿತ್ತು. ಮೆಟ್ಟಿಲ ಹತ್ತಿರ ಮಾತ್ರ ಒಂದೊಂದು ಹನಿ ಬಿದ್ದಲ್ಲೂ ಪುಟ್ಟ ಬಟ್ಟಲು ಎದ್ದು ಮುಚ್ಚಿಕೊಳ್ಳುತ್ತಿತ್ತು. ಅದನ್ನೇ ನೋಡುತ್ತ ಎಷ್ಟು ಹೊತ್ತು ನಿಂತೆವೋ. ಭಾವಮೈದನೂ ಫೋಟೊ ತೆಗೆಯಲಿಲ್ಲ. ಅವನ ಫೋನಿನೊಳಗೂ ನೀರು ಹೋಗಿತ್ತು.

ಡೇರೆ ಹೊರಗೆ ತೆಗೆಯಲೆಂದು ಚೀಲ ಬಿಚ್ಚಿದೆ. ಮಳೆಗೆಂದು ಹಾಕಿದ್ದ ಕವರು ಹೊರಗಿನ ನೀರನ್ನು ತಡೆದಿತ್ತು, ನಿಜ. ನನ್ನ ಬೆನ್ನಿನ ಮೇಲಿಂದ ಇಳಿದ ನೀರನ್ನು ಮಾತ್ರ ಒಂದು ಹನಿಯೂ ಹೊರಗೆ ಬಿಡದೆ ತಳದಲ್ಲಿ ಹಿಡಿದಿಟ್ಟುಕೊಂಡಿತ್ತು. ಡೇರೆ, ಹೊದಿಕೆ, ಪುಳಿಯೋಗರೆ ಎಲ್ಲ ಅದರಲ್ಲಿ ತೇಲುತ್ತಿದ್ದವು. ಚೀಲಕ್ಕೆ ಲೀಟರಿನ ಅಳತೆ ಯಾಕೆ ಎಂದು ನಾನು ಮತ್ತೆ ಯಾರನ್ನೂ ಕೇಳಿಲ್ಲ.

ಸಂಜೆಯ ಬಸ್ಸಿಗೆ ವಾಪಸ್ಸು ಬಂದೆವು. ಬಸ್ಸಿದೆಯಲ್ಲ ಎಂದು ಹೇಳಿದ್ದವಳು ಬಾಗಿಲು ತೆಗೆದು ಏನೂ ಹೇಳಲಿಲ್ಲ, ಟವೆಲ್ ಕೊಟ್ಟಳು. ಬಿಸಿಲು ಬಂದ ದಿನ ಚೀಲವನ್ನು ಟೆರೇಸಿಗೆ ಒಯ್ದು ಬಟ್ಟೆ ತಂತಿಗೆ ತಲೆಕೆಳಗಾಗಿ ನೇತುಹಾಕಿದೆ. ಮಧ್ಯಾಹ್ನ ಹೋಗಿ ನೋಡಿದರೆ ತಂತಿಯ ಮೇಲಿಂದ ಇರುವೆಗಳು ಸಾಲುಗಟ್ಟಿ ಬರುತ್ತಿದ್ದವು. ಒಂದೊಂದೂ ತನಗಿಂತ ದೊಡ್ಡ ಬೆಲ್ಲದ ಚೂರನ್ನು ಎತ್ತಿಕೊಂಡು, ಪಕ್ಕದ ಜೇಬಿನಿಂದ ಇಳಿದು, ಸೊಂಟದ ಪಟ್ಟಿಯ ಮೇಲೆ ಹಾದು, ಯಾವ ಗಡಿಬಿಡಿಯೂ ಇಲ್ಲದೆ ಮನೆಗೆ ಹೊರಟಿತ್ತು.