ಹಾಡೋದನ್ನ ಮುಂದಿನ ವರ್ಷಕ್ಕೆ ಎತ್ತಿಡಬೇಡಿ

ನಿನ್ನೆ ಸಂಜೆ ನಮ್ಮ ಬಡಾವಣೆಯ ಗಣಪತಿ ಪೆಂಡಾಲಿನಲ್ಲಿ ನಮ್ಮ ಸಂಗೀತದ ಗುಂಪಿನವರು ಹಾಡಿದರು. ವೇದಿಕೆ ಮೇಲೆ ಹನ್ನೊಂದು ಜನ. ಹನ್ನೆರಡನೆಯವಳು ನಾನು, ಕೆಳಗೆ ಮೂರನೇ ಸಾಲಿನ ಕುರ್ಚಿಯಲ್ಲಿ ಬಿಸಿನೀರಿನ ಫ್ಲಾಸ್ಕ್ ತೊಡೆ ಮೇಲಿಟ್ಟುಕೊಂಡು ಕೂತಿದ್ದೆ. ಕಲ್ಯಾಣಿ ರಾಗ ಶುರುವಾಯಿತು. ಸರಿಗಮ ಸ್ವರಗಳನ್ನೇ ಜೋಡಿಸಿ ಹಾಡುವ ಸ್ವರಪ್ರಸ್ತಾರದಲ್ಲಿ ನನಗೆ ಅಂತ ಇಟ್ಟಿದ್ದ ಎರಡು ಆವರ್ತ, ಅಂದರೆ ತಾಳದ ಎರಡು ಸುತ್ತು, ಬಂತು, ಪಕ್ಕದಲ್ಲಿ ಕೂರಬೇಕಿದ್ದ ಗೆಳತಿ ಅದನ್ನೂ ಸೇರಿಸಿಕೊಂಡು ಹಾಡಿದಳು. ಚೆನ್ನಾಗಿ ಹಾಡಿದಳು. ನನ್ನ ಕೈ ತಾನಾಗೇ ಫ್ಲಾಸ್ಕಿನ ಮುಚ್ಚಳದ ಮೇಲೆ ತಾಳ ಹಾಕ್ತಾ ಇತ್ತು. ಬಾಯಿ ತೆಗೆದರೆ ಬರೀ ಗಾಳಿ.

ಪಕ್ಕದ ಕುರ್ಚಿಯಲ್ಲಿದ್ದ ಆಂಟಿ, "ಯಾಕಮ್ಮ, ನೀನು ಹಾಡಲಿಲ್ವಾ?" ಅಂದರು. ಗಂಟಲು ಮುಟ್ಟಿ ತೋರಿಸಿದೆ. "ಓ, ಮಕ್ಕಳಿಂದ ಅಂಟಿಕೊಂಡಿತಾ? ಚಿಕ್ಕಮಕ್ಕಳಿರೋ ಮನೇಲಿ ಇದ್ದದ್ದೇ. ಹಾಡೋದೇನು, ಮುಂದಿನ ವರ್ಷ ಹಾಡಿದ್ರಾಯ್ತು ಬಿಡು."

ಅವರು ಒಳ್ಳೆಯ ಹೆಂಗಸು, ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಆದರೂ ಆ ಮಾತು ರಾತ್ರಿಯೆಲ್ಲ ನನಗೆ ನಿದ್ದೆ ಕೊಡಲಿಲ್ಲ. ಹೋದ ವರ್ಷವೂ ನನಗೆ ಯಾರೋ ಇದನ್ನೇ ಹೇಳಿದ್ದರು.

ಮಕ್ಕಳು ಹುಟ್ಟುವ ಮೊದಲು ನಾನು ಹೇಗೆ ಹಾಡ್ತಿದ್ದೆ ಅನ್ನೋದು ಇಲ್ಲಿರುವ ಸುಮಾರು ಜನಕ್ಕೆ ಗೊತ್ತು. ಬೆಳಿಗ್ಗೆ ಐದೂವರೆಗೆ ಎದ್ದು ಶ್ರುತಿಪೆಟ್ಟಿಗೆ ಹಾಕ್ಕೊಂಡು ಒಂದು ಗಂಟೆ "ಆ" ಅಂತ ದನಿ ಬಿಟ್ಟು ಹಾಡುವ ಅಕಾರ ಸಾಧನೆ. ಗಣೇಶೋತ್ಸವ ಬಂತು ಅಂದ್ರೆ ಸಂಜೆ ಆಫೀಸಿಂದ ನೇರ ಮೈಸೂರಿನ ವಿ.ವಿ. ಮೊಹಲ್ಲಾ ಎಂಟನೇ ಕ್ರಾಸಿನ ಸಂಗೀತ ಕಚೇರಿಗಳಿಗೆ. ಮಳೆ ಬಂದರೂ ಕೊಡೆ ಹಿಡ್ಕೊಂಡು ನಿಂತು ಕೇಳಿದವಳು ನಾನು. ಈಗ ಮಗಳು ಯುಕೆಜಿ, ಚಿಕ್ಕವನಿಗೆ ಎರಡೂವರೆ, ಪ್ಲೇಹೋಮಿಗೆ ಹೋಗ್ತಾನೆ. ಕೆಲಸ, ಅಡುಗೆ, ಹೋಂವರ್ಕ್ ಎಲ್ಲ ಮುಗಿಸಿಯೂ ವಾರಕ್ಕೆ ಒಂದು ಕ್ಲಾಸು, ದಿನಕ್ಕೆ ಅರ್ಧ ಗಂಟೆ ಅಭ್ಯಾಸ ಅಂತ ಉಳಿಸಿಕೊಂಡಿದ್ದೆ. ಟೈಮ್ ಇಲ್ಲ ಅಂತ ನಾನು ಯಾವತ್ತೂ ಬಿಟ್ಟವಳಲ್ಲ. ನನ್ನ ಕೈಯಿಂದ ಹಾಡು ಕಿತ್ತುಕೊಳ್ತಾ ಇರೋದು ಈ ನೆಗಡಿ.

ಜೂನ್ ಒಂದನೇ ತಾರೀಖಿನಿಂದ ಲೆಕ್ಕ ಹಾಕಿ. ಸ್ಕೂಲು ಶುರುವಾದ ಎರಡನೇ ವಾರ ಮಗಳಿಗೆ ಮೂಗು ಸೋರೋಕೆ ಶುರು. ಮೂರು ದಿನಕ್ಕೆ ಚಿಕ್ಕವನಿಗೆ, ಇನ್ನೆರಡು ದಿನಕ್ಕೆ ನನಗೆ, ನನ್ನ ಹಿಂದೆಯೇ ಇವರಿಗೆ, ಕೊನೆಗೆ ಅತ್ತೆಗೆ. ಎಲ್ಲರದ್ದೂ ಮುಗೀತು ಅನ್ನುವಾಗ ಚಿಕ್ಕವನು ಪ್ಲೇಹೋಮಿನಿಂದ ಇನ್ನೊಂದು ತಂದ. ಜುಲೈನಲ್ಲಿ ಮತ್ತೊಂದು. ಗಣಪತಿ ಹಬ್ಬಕ್ಕೆ ಹತ್ತು ದಿನ ಇದೆ ಅನ್ನುವಾಗ ನಾಲ್ಕನೆಯದು. ಶುಂಠಿ ಮೆಣಸಿನ ಕಷಾಯ, ದೊಡ್ಡಪತ್ರೆ ರಸಕ್ಕೆ ಜೇನುತುಪ್ಪ, ಹಬೆ, ಉಪ್ಪುನೀರು ಮುಕ್ಕಳಿಸೋದು, ಎಲ್ಲ ಆಯಿತು. ನೆಗಡಿ ವಾರದಲ್ಲಿ ಹೋಗುತ್ತೆ. ಕೆಮ್ಮು ಎರಡು ಮೂರು ವಾರ ಎಳೆಯುತ್ತೆ. ಕೆಮ್ಮು ಹೋಗೋ ಹೊತ್ತಿಗೆ ಮುಂದಿನ ನೆಗಡಿ ಬಾಗಿಲಲ್ಲಿ ನಿಂತಿರುತ್ತೆ.

ನಿಮ್ಮ ಮನೇಲಿ ಯಾರೂ ಕೈ ತೊಳೆಯಲ್ವಾ ಅಂತ ಕೇಳುವವರಿಗೆ ಹೇಳ್ತೀನಿ. ಅಮೆರಿಕದ ಯೂಟಾದಲ್ಲಿ 26 ಮನೆಗಳವರು ಒಂದು ವರ್ಷ ಪೂರ್ತಿ ಪ್ರತಿ ವಾರ ಮೂಗಿನ ಸ್ಯಾಂಪಲ್ ಕೊಟ್ಟರು, 2015ರಲ್ಲಿ ಫಲಿತಾಂಶ ಪ್ರಕಟವಾಯಿತು. ಮಕ್ಕಳಿಲ್ಲದ ಮನೆಯಲ್ಲಿ ವರ್ಷಕ್ಕೆ ಮೂರ್ನಾಲ್ಕು ವಾರ ವೈರಸ್ ಸಿಕ್ಕಿತು. ಒಂದು ಮಗು ಇರುವ ಮನೆಯಲ್ಲಿ 18 ವಾರ. ಐದು ವರ್ಷದೊಳಗಿನ ಮಕ್ಕಳ ಮೂಗಿನಲ್ಲಿ ವರ್ಷದ ಅರ್ಧ, ಅಂದರೆ ಸುಮಾರು 26 ವಾರ, ಯಾವುದಾದರೊಂದು ವೈರಸ್ ಇದ್ದೇ ಇತ್ತು. ಅದರಲ್ಲಿ ಎಷ್ಟೋ ಸಲ ಮಗುವಿಗೆ ಒಂದು ಸೀನೂ ಇಲ್ಲ. ಓದಿ ನನಗೆ ಅರ್ಧ ಸಮಾಧಾನ ಆಯಿತು, ನಾನು ಕೊಳಕು ಮನೆ ಇಟ್ಟುಕೊಂಡವಳಲ್ಲ ಅಂತ. ನಮ್ಮ ದೇಶದ ಕಾನೂನು ಹೆರಿಗೆಗೆ ಕೊಡೋದೂ 26 ವಾರದ ರಜೆಯೇ. ಹೆತ್ತಾಗ ಒಮ್ಮೆ ಸಿಗುತ್ತೆ, ಮುಗಿಯುತ್ತೆ. ಮಗು ಪ್ಲೇಹೋಮ್ ಮೆಟ್ಟಿಲು ಹತ್ತಿದ ಮೇಲೆ ವರ್ಷ ವರ್ಷ ಬರುವ ಈ ವಾರಗಳಿಗೆ ಏನೂ ಇಲ್ಲ.

ಗಂಟಲು ಕೂತಿದೆ ಅಂದರೆ ಏನು ಅಂತ ಹಾಡದವರಿಗೆ ಗೊತ್ತಾಗೋಲ್ಲ, ಸ್ವಲ್ಪ ಬಿಡಿಸಿ ಹೇಳ್ತೀನಿ. ನನ್ನ ಶ್ರುತಿ, ಅಂದರೆ ಹಾಡೋಕೆ ಆಧಾರವಾಗಿ ಇಟ್ಟುಕೊಳ್ಳುವ ಸ್ವರದ ಎತ್ತರ, ಐದೂವರೆ ಮನೆ. ಅದರಲ್ಲಿ ಮಧ್ಯ ಷಡ್ಜ, ಅಂದರೆ ನಡುವಿನ ಸ, ಹಿಡಿದರೆ ಗಂಟಲಿನ ಧ್ವನಿತಂತುಗಳು ಸೆಕೆಂಡಿಗೆ 208 ಸಲದ ಹತ್ತಿರ ಕಂಪಿಸಬೇಕು. ಮೇಲಿನ ಸ ಆದ ತಾರ ಷಡ್ಜಕ್ಕೆ ಅದರ ಎರಡರಷ್ಟು, 400ರ ಮೇಲೆ. ನೆಗಡಿ ಗಂಟಲಿಗೆ ಇಳಿದಾಗ ಆ ತಂತುಗಳು ಊದಿಕೊಳ್ತವೆ. ಊದಿದ ತಂತು ನೇರ ಬಂದು ಕೂಡೋಲ್ಲ, ನಡುವೆ ಗಾಳಿ ಸೋರುತ್ತೆ. ಮಾತು ಹೇಗೋ ನಡೆಯುತ್ತೆ. ಆಫೀಸಿನಲ್ಲಿ ಮೀಟಿಂಗ್ ಮುಗಿಸಬಹುದು, ಅಂಗಡಿಯಲ್ಲಿ ಕಾಲು ಕೆಜಿ ಬೇಳೆ ಕೇಳಬಹುದು. ಆದರೆ ನಿಷಾದದಿಂದ, ಅಂದರೆ ನಿ ಸ್ವರದಿಂದ, ಮೇಲಕ್ಕೆ ಹೋಗಿ ಷಡ್ಜದಲ್ಲಿ ನಿಲ್ಲೋಕೆ ಆಗೋಲ್ಲ. ಬಲವಂತ ಮಾಡಿದರೆ ಗಂಟಲು ಇನ್ನೂ ಕೆಡುತ್ತೆ. ಪಿಸುಮಾತು ಕೂಡ ಆಡಬೇಡಿ, ಅದೂ ಶ್ರಮವೇ ಅಂದರು ಡಾಕ್ಟರು. ಅದಕ್ಕೇ ಹೊರಗಿನವರ ಕಣ್ಣಿಗೆ ನಾನು ಚೆನ್ನಾಗೇ ಇದ್ದೀನಿ. ಜ್ವರ ಇಲ್ಲ, ಓಡಾಡ್ತೀನಿ, ದೋಸೆ ಹುಯ್ತೀನಿ. ಹಾಡೊಂದು ಇಲ್ಲ ತಾನೇ ಅಂತಾರೆ. ನನಗೆ ಆ ಒಂದೇ ಬೇಕಾಗಿದ್ದದ್ದು.

ನಮ್ಮ ಯಜಮಾನರಿಗೂ ಇದೇ ಪಾಡು. ಭಾನುವಾರ ಬೆಳಿಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತೋದು ಅವರ ಪ್ರಾಣ. ಜೂನ್‌ನಿಂದ ಮೂರೇ ಸಲ ಹೋಗಿದ್ದಾರೆ. ಆದರೆ ನಾನು ಗಮನಿಸಿದ ಒಂದು ವಿಷಯ ಇದೆ. ಅವರ ಬೆಟ್ಟ ತಪ್ಪಿತು ಅಂದ್ರೆ, "ಅಯ್ಯೋ, ಎಕ್ಸರ್ಸೈಜ್ ನಿಲ್ಲಿಸಬೇಡಿ, ಬಿಪಿ ಶುಗರ್ ಬರೋ ವಯಸ್ಸು, ಹೇಗಾದ್ರೂ ಮಾಡಿ ಹೋಗಿ" ಅಂತಾರೆ. ನನ್ನ ಹಾಡು ತಪ್ಪಿತು ಅಂದ್ರೆ ಮುಂದಿನ ವರ್ಷ. ಆರೋಗ್ಯದ ಹೆಸರಿದ್ದರೆ ಹವ್ಯಾಸಕ್ಕೆ ಮರ್ಯಾದೆ ಇದೆ. ಖುಷಿಗೆ ಅಂತ ಮಾಡೋದಕ್ಕೆ ಇಲ್ಲ. ತಾಯಿಯ ಖುಷಿಗೆ ಅಂತೂ ಇಲ್ಲವೇ ಇಲ್ಲ.

ಅತ್ತೆ ವಿಷಯ ಹೇಳಲೇಬೇಕು. ನಮ್ಮತ್ತೆಯಂಥ ಅತ್ತೆ ಸಿಗೋದು ಪುಣ್ಯ. ಕ್ಲಾಸಿನ ದಿನ ಸಂಜೆ, "ನೀನು ಹೋಗು, ಮಕ್ಕಳನ್ನ ನಾನು ನೋಡ್ಕೋತೀನಿ" ಅಂತ ಚಪ್ಪಲಿ ಹಾಕಿಸಿ ಕಳಿಸ್ತಾರೆ. ಅವರಿಗೆ 68. ಜುಲೈನಲ್ಲಿ ಚಿಕ್ಕವನ ನೆಗಡಿ ಅವರಿಗೆ ಇಳಿದು ಎದೆಯಲ್ಲಿ ಕಫ ಕಟ್ಟಿ, ಹದಿನೈದು ದಿನ ರಾತ್ರಿ ದಿಂಬು ಏರಿಸಿಕೊಂಡು ಕೂತೇ ನಿದ್ದೆ ಮಾಡಿದರು. ನಾನು ಹಾಡೋಕೆ ಹೋಗಲಿ ಅಂತ ಮೂಗು ಸೋರುವ ಮಗುವನ್ನ ಮಡಿಲಲ್ಲಿ ಕೂರಿಸಿಕೊಂಡಿದ್ದಕ್ಕೆ ಅವರಿಗೆ ಸಿಕ್ಕಿದ್ದು ಅದು. ಆಮೇಲೆ ಅವರ ಕೈಯಲ್ಲಿ ಮಗು ಕೊಟ್ಟು ಹೊರಡೋಕೆ ನನಗೆ ಕಾಲೇ ಬರೋಲ್ಲ. ಸಹಾಯ ಮಾಡುವ ಒಂದು ಜೀವ ಇದ್ದರೂ ಆ ಸಹಾಯ ತಗೊಳ್ಳೋಕೆ ಭಯ ಆಗುವ ಸ್ಥಿತಿ ಇದು. ಫ್ಲೂ ಲಸಿಕೆ ಈ ಸಲ ಹಾಕಿಸಿದ್ದೀವಿ. ಅದು ಇನ್‌ಫ್ಲುಯೆಂಜಾ ಒಂದಕ್ಕೆ, ಉಳಿದ ನೆಗಡಿಗಳಿಗಲ್ಲ, ಆದರೂ ಮನೇಲಿ ವಯಸ್ಸಾದವರಿದ್ದರೆ ಡಾಕ್ಟರ ಹತ್ತಿರ ಕೇಳಿ ಹಾಕಿಸಿ.

ಇನ್ನು ಕಾಯಿಲೆ ಇದ್ದರೂ ಮಕ್ಕಳನ್ನ ಸ್ಕೂಲಿಗೆ ಕಳಿಸೋರು. ಬೆಳಿಗ್ಗೆ ಜ್ವರದ ಸಿರಪ್ ಕುಡಿಸಿ ವ್ಯಾನ್ ಹತ್ತಿಸ್ತಾರೆ. ಹತ್ತೂವರೆಗೆ ಔಷಧಿ ಇಳಿಯುತ್ತೆ, ಅಷ್ಟರಲ್ಲಿ ಮಗು ಪಕ್ಕದ ನಾಲ್ಕು ಮಕ್ಕಳ ಮೇಲೆ ಕೆಮ್ಮಿ ಆಗಿರುತ್ತೆ. ಇದರ ಬಗ್ಗೆ ನಾನು ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಉದ್ದುದ್ದ ಬರೆದಿದ್ದೀನಿ, ಜಗಳವನ್ನೂ ಆಡಿದ್ದೀನಿ.

ಈಗ ಇಲ್ಲಿ ಒಪ್ಪಿಕೊಳ್ತೀನಿ. ಆಗಸ್ಟಿನ ಒಂದು ದಿನ ನಾನೂ ಅದನ್ನೇ ಮಾಡಿದೆ. ಅವತ್ತು ಆಫೀಸಿನಲ್ಲಿ ಅರ್ಧ ದಿನ ರಜೆ ಕೇಳಿ ಪಡೆದಿದ್ದೆ, ಮಧ್ಯಾಹ್ನ ಗುಂಪಿನ ಪ್ರಾಕ್ಟೀಸ್ ಇತ್ತು. ಬೆಳಿಗ್ಗೆ ಎದ್ದರೆ ಚಿಕ್ಕವನ ಹಣೆ ಬೆಚ್ಚಗೆ. ತುಂಬಾ ಅಲ್ಲ. ಥರ್ಮಾಮೀಟರ್ ಕೈಗೆ ತಗೊಂಡು ಮತ್ತೆ ಡ್ರಾಯರಿನಲ್ಲಿಟ್ಟೆ, ಎಷ್ಟಿದೆ ಅಂತ ಗೊತ್ತಾಗೋದು ಬೇಡ ಅಂತ. ಸಿರಪ್ ಕುಡಿಸಿ ಕಳಿಸಿದೆ. ಪ್ರಾಕ್ಟೀಸ್ ಶುರುವಾಗಿ ಇಪ್ಪತ್ತು ನಿಮಿಷಕ್ಕೆ ಪ್ಲೇಹೋಮಿನಿಂದ ಫೋನ್ ಬಂತು. ಹೋಗಿ ನೋಡಿದರೆ ಬಾಗಿಲ ಹತ್ತಿರದ ಚಾಪೆ ಮೇಲೆ ಬ್ಯಾಗ್ ತಬ್ಬಿಕೊಂಡು ಕೂತಿದ್ದ. ನನ್ನ ಕಂಡು ಅಳಲೂ ಇಲ್ಲ, ಸುಮ್ಮನೆ ಎರಡು ಕೈ ಎತ್ತಿದ. ಅವತ್ತಿನಿಂದ ಆ ವಾಟ್ಸಾಪ್ ಗುಂಪಿನಲ್ಲಿ ನಾನು ಯಾರಿಗೂ ಏನೂ ಬರೆದಿಲ್ಲ. ರಜೆ ಇಲ್ಲದ ಅಪ್ಪ ಅಮ್ಮ ಏನು ಮಾಡ್ತಾರೆ ಅನ್ನೋದು ನನಗೆ ನನ್ನಿಂದಲೇ ಗೊತ್ತಾಯಿತು. ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ ಮಕ್ಕಳ ಆರೈಕೆಗೆ ಅಂತ ಒಟ್ಟು ಸೇವೆಯಲ್ಲಿ 730 ದಿನದ ರಜೆ ಇದೆ. ಖಾಸಗಿ ಕಂಪನಿಯಲ್ಲಿ ದುಡಿಯುವ ನಮಗೆ ಮಗುವಿನ ಜ್ವರಕ್ಕೆ ಅಂತ ರಜೆ ಕೊಡಲೇಬೇಕು ಅನ್ನೋ ಕಾನೂನು ಇಲ್ಲ. ನಮ್ಮ ರಜೆಯೆಲ್ಲ ಮಕ್ಕಳ ನೆಗಡಿಗೆ ಹೋಗುತ್ತೆ, ನಮ್ಮ ನೆಗಡಿಗೆ ಉಳಿಯೋಲ್ಲ, ಹಾಡಿಗೆ ಎಲ್ಲಿಂದ ತರೋದು?

"ಇಮ್ಯುನಿಟಿ ಬೆಳೆಯುತ್ತೆ ಬಿಡಿ, ಒಳ್ಳೆಯದೇ" ಅನ್ನುವವರೂ ಇದ್ದಾರೆ. ಮಕ್ಕಳ ಮಟ್ಟಿಗೆ ನಿಜ, ಬೆಳೀತಾ ಬೆಳೀತಾ ಕಾಯಿಲೆ ಕಡಿಮೆಯಾಗುತ್ತೆ. ನನ್ನ ಮಟ್ಟಿಗೆ ಅದು ಯಾವ ಸಮಾಧಾನವೂ ಅಲ್ಲ. ರೈನೋವೈರಸ್ ಒಂದರಲ್ಲೇ 160ಕ್ಕೂ ಹೆಚ್ಚು ಬಗೆ ಇವೆ, ಒಂದು ಬಂದು ಹೋಯಿತು ಅಂತ ಇನ್ನೊಂದು ಬಿಡೋಲ್ಲ. ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ 1946ರಲ್ಲಿ ನೆಗಡಿಗೆ ಅಂತಲೇ ಒಂದು ಸಂಶೋಧನಾ ಕೇಂದ್ರ ತೆರೆದು, ನಾಲ್ಕು ದಶಕಕ್ಕೂ ಹೆಚ್ಚು ಕಾಲ ಸ್ವಯಂಸೇವಕರ ಮೂಗಿಗೆ ವೈರಸ್ ಹಾಕಿ ನೋಡಿದರು. ಎಷ್ಟೋ ವಿಷಯ ತಿಳಿದರು, ಔಷಧಿ ಮಾತ್ರ ಸಿಗಲಿಲ್ಲ.

"ಮಕ್ಕಳು ಚಿಕ್ಕವರಾಗಿರೋದು ನಾಲ್ಕೇ ವರ್ಷ, ಆಮೇಲೆ ಬೇಕಾದಷ್ಟು ಹಾಡು" ಅಂತಾರಲ್ಲ, ಅದಕ್ಕೆ ನನ್ನ ಉತ್ತರ ಹೀಗಿದೆ. ಎರಡು ಮಕ್ಕಳ ನಡುವೆ ಮೂರು ವರ್ಷದ ಅಂತರ ಇದ್ದರೆ ಆ ನಾಲ್ಕು ವರ್ಷ ಏಳಾಗುತ್ತೆ. ನನಗೀಗ ಮೂವತ್ತೆಂಟು. ಗಂಟಲು ಬ್ಯಾಂಕಿನಲ್ಲಿಟ್ಟ ದುಡ್ಡಲ್ಲ. ಹದಿನೈದು ದಿನ ಸಾಧನೆ ತಪ್ಪಿದರೆ ಸ್ವರ ಆಡಿಸುವ ಗಮಕ ಒರಟಾಗುತ್ತೆ, ಉಸಿರು ಅರ್ಧ ಆವರ್ತಕ್ಕೇ ಮುಗಿಯುತ್ತೆ. ಏಳು ವರ್ಷ ಬಿಟ್ಟು ಬಂದರೆ ಮತ್ತೆ ಮೊದಲ ಪಾಠವಾದ ಸರಳೆ ವರಸೆಯಿಂದ ಶುರುಮಾಡಬೇಕು, ಅಷ್ಟು ಹೊತ್ತಿಗೆ ಶುರುಮಾಡುವ ಮನಸ್ಸೇ ಹೋಗಿರುತ್ತೆ. ನಮ್ಮ ಕ್ಲಾಸಿನಲ್ಲೇ ಮಕ್ಕಳಾದ ಮೇಲೆ ಇಬ್ಬರು ನಿಲ್ಲಿಸಿದರು. ಬರ್ತೀವಿ ಅಂದವರು ಬರಲಿಲ್ಲ.

ಇನ್ನೊಂದು ವಿಷಯ ನಮ್ಮ ಯಜಮಾನರ ಹತ್ತಿರವೂ ಹೇಳಿರಲಿಲ್ಲ. ಹಬ್ಬಕ್ಕೆ ಎರಡು ವಾರ ಇದ್ದಾಗ, ಈ ಸಲ ಆದರೂ ಗಂಟಲು ಉಳಿಸಿಕೊಳ್ಳೋಣ ಅಂತ ಮಗಳಿಂದ ಸ್ವಲ್ಪ ದೂರ ಇದ್ದೆ. ಅವಳು ಸೀನಿದರೆ ಮುಖ ತಿರುಗಿಸ್ತಿದ್ದೆ. ರಾತ್ರಿ ಕೆನ್ನೆಗೆ ಮುತ್ತು ಕೊಡೋಕೆ ಬಂದರೆ ತಲೆ ಸವರಿ ಕಳಿಸ್ತಿದ್ದೆ. ಮೂರನೇ ರಾತ್ರಿ ಅವಳು ಬಚ್ಚಲುಮನೆಗೆ ಹೋಗಿ, ಸೋಪು ಹಾಕಿ ಮೂಗು ಕೆಂಪಾಗೋ ಹಾಗೆ ಉಜ್ಜಿಕೊಂಡು ಬಂದು ನಿಂತಳು. "ಅಮ್ಮಾ, ತೊಳ್ಕೊಂಡು ಬಂದಿದೀನಿ. ಈಗ ಕೊಡ್ಲಾ?" ಅಂದಳು. ಮೂಗಿನ ತುದಿಯಲ್ಲಿ ಇನ್ನೂ ನೊರೆ ಇತ್ತು. ನಾನು ಅವಳನ್ನ ಎತ್ತಿಕೊಂಡೆ. ಎರಡು ದಿನಕ್ಕೆ ಗಂಟಲು ಕೆರೆತ ಶುರುವಾಯಿತು. ಬೇಸರ ಇಲ್ಲ, ಇನ್ನೊಂದು ಸಲ ಬಂದರೂ ಎತ್ತಿಕೊಳ್ತೀನಿ. ಆದರೆ ಅವಳನ್ನ ಎತ್ತಿಕೊಂಡಿದ್ದಕ್ಕೆ ಕಲ್ಯಾಣಿ ಕಳ್ಕೊಂಡೆ, ಅದೂ ಅಷ್ಟೇ ನಿಜ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ಯಾಕೆ ಜನ ನನ್ನನ್ನ ಕೆಟ್ಟ ತಾಯಿ ಥರ ನೋಡ್ತಾರೆ? ಮಕ್ಕಳನ್ನ ಪ್ರೀತಿಸುವವಳಿಗೆ ಹಾಡು ತಪ್ಪಿದ್ದಕ್ಕೆ ಅಳು ಬರಬಾರದಾ?

ಆದ್ದರಿಂದ ದಯವಿಟ್ಟು ನನಗೆ, ನನ್ನಂಥವರಿಗೆ, ಮುಂದಿನ ವರ್ಷ ಅನ್ನಬೇಡಿ. "ಅಯ್ಯೋ, ಎಷ್ಟು ಕಲ್ತಿದ್ದೆ, ತಪ್ಪೋಯ್ತಲ್ಲ" ಅನ್ನಿ, ಸಾಕು. ಗಂಡಂದಿರೇ, ಹೆಂಡತಿಯ ಗಂಟಲು ಸರಿಯಾದ ಮೊದಲ ದಿನವೇ ಅವಳನ್ನ ಒಂದು ಗಂಟೆ ಬಿಡಿ, ಅವತ್ತಿನ ಪಾತ್ರೆ ಅವತ್ತಿಗೆ ಕಾಯುತ್ತೆ. ನೆಗಡಿ ನೆಗಡಿಯ ನಡುವೆ ನಮಗೆ ಸಿಗೋದು ಹತ್ತೋ ಹನ್ನೆರಡೋ ದಿನ. ಆ ದಿನಗಳಲ್ಲಿ ನೆಂಟರ ಮನೆ, ಅಟ್ಟ ಕ್ಲೀನ್ ಮಾಡೋದು, ಬಾಕಿ ಉಳಿದ ಕೆಲಸ ಎಲ್ಲ ತುಂಬಿಸಬೇಡಿ.

ಇವತ್ತು ಬೆಳಿಗ್ಗೆ ಸಂಗೀತದ ಟೀಚರ್ ಫೋನ್ ಮಾಡಿದ್ದರು. ನನ್ನ ದನಿ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಗುರುವಾರ ಬಾ, ಹಾಡಬೇಡ. ಮಾಸ್ಕ್ ಹಾಕ್ಕೊಂಡು ಹಿಂದೆ ಕೂತು ತಾಳ ಹಾಕು. ಮನಸ್ಸಿನಲ್ಲಿ ಹಾಡ್ಕೋ, ಅದೂ ಸಾಧನೆಯೇ. ತೋಡಿ ರಾಗ ಶುರು ಮಾಡ್ತಿದ್ದೀವಿ" ಅಂದರು. ಹೋಗ್ತೀನಿ. ಇವರು ಆರು ಗಂಟೆಗೆ ಮನೆಗೆ ಬರ್ತೀನಿ ಅಂತ ಒಪ್ಪಿದ್ದಾರೆ. ಪುಸ್ತಕ ಬ್ಯಾಗಿನಲ್ಲಿ ಇಟ್ಟಾಯಿತು. ಒಳಗೆ ಚಿಕ್ಕವನು ಈಗಷ್ಟೇ ಒಂದು ಸಲ ಸೀನಿದ.