ಹದಿನೇಳೂವರೆಗೆ ಬಂದೂಕು, ಹದಿನೆಂಟಕ್ಕೆ ವೋಟು: ಸರಿಯೇ?

ಪರ
ನಿವೃತ್ತ ಹವಾಲ್ದಾರ್, ಶಿಡ್ಲಘಟ್ಟ ತಾಲ್ಲೂಕು

ನಾನು ಸೇನೆಗೆ ಸೇರಿದ್ದು 1988ರಲ್ಲಿ, ಹದಿನಾರೂವರೆ ವಯಸ್ಸಿಗೆ. ಆಗ ವೋಟು ಹಾಕೋಕೆ 21 ಆಗಿರಬೇಕಿತ್ತು. ಮರುವರ್ಷ 18ಕ್ಕೆ ಇಳಿಸಿದರು. ಬೆಂಗಳೂರಿನ ಎಂಇಜಿ (ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್) ಮೈದಾನದಲ್ಲಿ ನಮಗ್ಯಾರಿಗೂ ಅದರ ಪರಿವೇ ಇರಲಿಲ್ಲ. ನಮಗಿದ್ದ ಚಿಂತೆ ಹಿಮ್ಮಡಿಯದು. ಹವಾಯಿ ಚಪ್ಪಲಿ ಬಿಟ್ಟು ಬೇರೇನೂ ಮೆಟ್ಟದ ಕಾಲು, ಬೂಟು ಕಚ್ಚಿ ಗುಳ್ಳೆ ಎದ್ದಿತ್ತು.

ವೋಟೇ ಇಲ್ಲದವನ ಕೈಗೆ ಬಂದೂಕು ಕೊಡಬಹುದಾ ಅಂತ ಓದಿದವರು ಕೇಳುತ್ತಾರೆ. ಒಂದು ದಿನ ನಮ್ಮ ಕಡೆ ರೇಷ್ಮೆ ಹುಳು ಮನೆಗೆ ಬಂದು ನೋಡಲಿ. ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟು ಎದ್ದ ಹುಳು ಹಗಲು ರಾತ್ರಿ ಮೇಯುತ್ತದೆ. ಬೆಳಗಿನ ಜಾವ ಎದ್ದು ಇಬ್ಬನಿಯಲ್ಲಿ ಸೊಪ್ಪು ತಂದು ಹಾಕುವವನು ಹತ್ತನೇ ಕ್ಲಾಸಿನ ಹುಡುಗ. ಅಪ್ಪನಿಗೆ ಮೈ ಸರಿಯಿಲ್ಲದ ದಿನ ಗೂಡು ಹೊತ್ತುಕೊಂಡು ಮಾರ್ಕೆಟ್ಟಿಗೆ ಹೋಗಿ ಹರಾಜಿನಲ್ಲಿ ನಿಲ್ಲುವವನೂ ಅವನೇ. ಅವನ ವೋಟರ್ ಕಾರ್ಡು ಯಾರು ಕೇಳಿದ್ದಾರೆ? ಹದಿನೆಂಟು ತುಂಬುವವರೆಗೆ ಏನೂ ಮಾಡಬಾರದು ಅನ್ನೋರು ಮಕ್ಕಳನ್ನ ತೊಟ್ಟಿಲಲ್ಲೇ ಹಾಕಿ ತೂಗುತ್ತಾ ಕೂತಿರಲಿ.

ಯೋಗೇಂದ್ರ ಸಿಂಗ್ ಯಾದವ್ ಸೇನೆಗೆ ಬಂದಾಗ ಹದಿನಾರು ದಾಟಿತ್ತು, ಅಷ್ಟೇ. 1999ರಲ್ಲಿ ಟೈಗರ್ ಹಿಲ್ ಹತ್ತಿದಾಗ 19. ಗುಂಡಿನ ಮೇಲೆ ಗುಂಡು ಬಿದ್ದರೂ ಹಗ್ಗ ಬಿಡದೆ ಮೇಲೆ ಹೋಗಿ ಪರಮವೀರ ಚಕ್ರ ತಗೊಂಡ ಹುಡುಗ. "ನಿನಗಿನ್ನೂ ಗ್ರಾಮ ಪಂಚಾಯ್ತಿಗೆ ನಿಲ್ಲೋ ವಯಸ್ಸೂ ಆಗಿಲ್ಲ, ಇಳಿಯಪ್ಪ" ಅಂತ ಯಾರಾದರೂ ಬೆಟ್ಟದ ಬುಡದಲ್ಲೇ ತಡೆದಿದ್ದರೆ?

ಈಗ ನಾಲ್ಕು ವರ್ಷಕ್ಕೆ ಸೇನೆಗೆ ಸೇರಿಸೋ ಅಗ್ನಿಪಥ ಯೋಜನೆಯಲ್ಲಿ ಕಡಿಮೆ ಅಂದರೆ ಹದಿನೇಳೂವರೆ. ತರಬೇತಿಗೆ ಆರು ತಿಂಗಳು. ಕೂಡಿ ನೋಡಿ, ಹದಿನೆಂಟು ತುಂಬದವನನ್ನು ಗಡಿಗೆ ಕಳಿಸುವುದೇ ಇಲ್ಲ. ನಾಲ್ಕು ವರ್ಷಕ್ಕೆ ವಾಪಸ್ ಕಳಿಸೋದು ಸರಿಯಾ ಅನ್ನೋದು ಬೇರೆ ಜಗಳ. ನಾನು ಪಿಂಚಣಿ ತಗೊಳ್ಳೋನು, ಅದರಲ್ಲಿ ಬಾಯಿ ಹಾಕಲ್ಲ.

ದಿನಾ ಬೆಳಗ್ಗೆ ಐದಕ್ಕೆ ಕೆರೆ ಏರಿ ಮೇಲೆ ಹುಡುಗರನ್ನು ಓಡಿಸ್ತೀನಿ. ಸೇನೆ ಭರ್ತಿಯಲ್ಲಿ 1.6 ಕಿಲೋಮೀಟರು ಐದೂವರೆ ನಿಮಿಷದೊಳಗೆ ಮುಗಿಸಿದರೆ ಪೂರ್ತಿ 60 ಅಂಕ, ಹತ್ತು ಪುಲ್‌ಅಪ್ ಎಳೆದರೆ 40. ಹದಿನೇಳರ ಹುಡುಗ ಮೂರು ತಿಂಗಳಲ್ಲಿ ದಾರಿಗೆ ಬರುತ್ತಾನೆ. ಇಪ್ಪತ್ತು ದಾಟಿದವನ ಜೇಬಲ್ಲಿ ಗುಟ್ಕಾ, ಕಿವಿಯಲ್ಲಿ ಇಯರ್‌ಫೋನು, ಎರಡನೇ ಸುತ್ತಿಗೇ ಸೊಂಟ ಹಿಡಿದು ನಿಲ್ಲುತ್ತಾನೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತಾ?

ತಂದೆ ತಾಯಿ ಸಹಿ ಹಾಕಿದ ಮೇಲೆ ಮೂರನೆಯವರಿಗೆ ಏನು ಕೆಲಸ? ನಮ್ಮಪ್ಪ ಹಾಕಲಿಲ್ಲ, ಅದು ನಿಜ. "ಇರೋನೊಬ್ಬ ಮಗ, ಸಾಯಕ್ಕೆ ಕಳ್ಸಲ್ಲ" ಅಂತ ತೋಟಕ್ಕೆ ಹೋಗಿ ಕೂತರು. ಚಿಕ್ಕಪ್ಪ ನನ್ನನ್ನು ಬಸ್ಸು ಹತ್ತಿಸಿಕೊಂಡು ಹೋಗಿ ತಾವೇ ಸಹಿ ಹಾಕಿದರು. ಮೊದಲ ಸಂಬಳದಲ್ಲಿ ಮುನ್ನೂರು ರೂಪಾಯಿ ಅಪ್ಪನಿಗೆ ಮನಿಯಾರ್ಡರ್ ಮಾಡಿದೆ. ಪೋಸ್ಟ್‌ಮ್ಯಾನ್ ಬಾಗಿಲಿಗೆ ಬಂದರೆ ಅಪ್ಪ ಪೆನ್ನು ಮುಟ್ಟಲಿಲ್ಲವಂತೆ. ದುಡ್ಡು ತಿರುಗಿ ನನ್ನ ಕೈಗೇ ಬಂತು. ಎರಡನೇ ತಿಂಗಳೂ ಹಾಗೇ. ಮೂರನೇ ತಿಂಗಳು ವಾಪಸ್ ಬರಲಿಲ್ಲ. ರಜೆಗೆ ಊರಿಗೆ ಹೋದಾಗ ಹುಳು ಮನೆ ಗೋಡೆಗೆ ಹುಳು ಗೂಡು ಕಟ್ಟೋ ಆರು ಹೊಸ ಚಂದ್ರಿಕೆ ಒರಗಿಸಿದ್ದರು, ಬಿದಿರಿನ ಹಸಿ ವಾಸನೆ ಇನ್ನೂ ಹೋಗಿರಲಿಲ್ಲ. "ನಿನ್ ದುಡ್ಡೇ" ಅಂದರು ಅಪ್ಪ. ಇದಕ್ಕಿಂತ ಒಪ್ಪಿಗೆ ಬೇಕಾ?

ವಿರೋಧ
ರಾಜ್ಯಶಾಸ್ತ್ರ ಉಪನ್ಯಾಸಕಿ, ಚಿಂತಾಮಣಿ

'ಪರ' ಬರೆಯುವವರು ಸಿಕ್ಕಿದ್ದಾರೆ, ನೀವು 'ವಿರೋಧ' ಬರೆದುಕೊಡಿ ಎಂದರು. ಒಪ್ಪಿಕೊಂಡೆ. ನನ್ನ ಸ್ವಂತ ತಮ್ಮ ಸೇನೆಯಲ್ಲಿದ್ದಾನೆ ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಅವನು ಸೇರಿದ್ದು ಇಪ್ಪತ್ತಕ್ಕೆ.

ನಮ್ಮ ಕಾನೂನಿನಲ್ಲಿ ಹದಿನೆಂಟು ತುಂಬದವನು ಮಾಡಿಕೊಂಡ ಕರಾರು ಊರ್ಜಿತವಲ್ಲ. ಅವನ ಹೆಸರಿಗೆ ಬೈಕಿನ ಸಾಲ ಹುಟ್ಟುವುದಿಲ್ಲ, ಗೇರ್ ಬೈಕಿನ ಲೈಸೆನ್ಸೂ ಸಿಗುವುದಿಲ್ಲ. ವೋಟಿಗೆ 18, ಗಂಡಿನ ಮದುವೆಗೆ 21, ವಿಧಾನಸಭೆಗೆ ನಿಲ್ಲಲು 25. ಮಕ್ಕಳಿಗೆ ಬರೆಸಿ ಬರೆಸಿ ಈ ಪಟ್ಟಿ ನನಗೆ ಬಾಯಿಪಾಠ. ಇದರಲ್ಲಿ ಎಲ್ಲಕ್ಕಿಂತ ಕಡಿಮೆ ವಯಸ್ಸು ಕೇಳುವುದು ಪ್ರಾಣ ಪಣಕ್ಕಿಡುವ ಕೆಲಸ.

ವಿಯೆಟ್ನಾಂ ಯುದ್ಧದ ಕಾಲಕ್ಕೆ ಅಮೆರಿಕದಲ್ಲಿ ಹದಿನೆಂಟು ದಾಟಿದವರನ್ನು ಕಡ್ಡಾಯವಾಗಿ ಸೇನೆಗೆ ಎಳೆಯುತ್ತಿದ್ದರು, ಹೆಚ್ಚಿನ ರಾಜ್ಯಗಳಲ್ಲಿ ವೋಟು ಮಾತ್ರ 21ಕ್ಕೆ. ಗದ್ದಲವೆದ್ದು 1971ರಲ್ಲಿ ಸಂವಿಧಾನಕ್ಕೆ 26ನೇ ತಿದ್ದುಪಡಿ ಬಂತು, ವೋಟಿನ ವಯಸ್ಸು 18 ಆಯಿತು. ನಮ್ಮಲ್ಲಿ 61ನೇ ತಿದ್ದುಪಡಿ ಆ ಕೆಲಸ ಮಾಡಿತು. ಸೇನೆ ಮಾತ್ರ ಇವತ್ತಿಗೂ ಆರು ತಿಂಗಳು ಮುಂದೆಯೇ ಓಡುತ್ತಿದೆ.

ಪರವಾದಿಗಳ ಬಾಯಲ್ಲಿ ಇರುವುದು ಒಂದೇ ಪದ, ಶಿಸ್ತು. ಅದೇ ಬೇಕಿದ್ದರೆ ಎನ್‌ಸಿಸಿ ಇದೆ, ಪರೇಡು ಮುಗಿದ ಮೇಲೆ ಉಪ್ಪಿಟ್ಟೂ ಸಿಗುತ್ತದೆ. ಹದಿನೆಂಟು ತುಂಬದವರನ್ನು ಕಾರ್ಯಾಚರಣೆಯ ಜಾಗಕ್ಕೆ ಕಳಿಸುವುದಿಲ್ಲ ಎಂದು ಭಾರತ 2005ರಲ್ಲೇ ವಿಶ್ವಸಂಸ್ಥೆಗೆ ಬರೆದುಕೊಟ್ಟಿದೆ. ಸಂತೋಷ. ಹಾಗಾದರೆ ಸೇರಿಸಿಕೊಳ್ಳಲು ಮಾತ್ರ ಏನು ಅವಸರ?

ಅಗ್ನಿಪಥದ ನಾಲ್ಕು ವರ್ಷ ಮುಗಿದ ಮೇಲೆ ಹೆಚ್ಚೆಂದರೆ ನಾಲ್ವರಲ್ಲಿ ಒಬ್ಬ ಉಳಿಯುತ್ತಾನೆ. ಮಿಕ್ಕವರು ಕೊನೆಗೆ ಸಿಗುವ ಇಡಿಗಂಟು, ಸೇವಾನಿಧಿ, ಹಿಡಿದು ಊರಿಗೆ. ಹದಿನೇಳೂವರೆಗೆ ಹೋದವನು ಇಪ್ಪತ್ತೊಂದೂವರೆಗೆ ವಾಪಸ್, ಮದುವೆ ವಯಸ್ಸು ಬಂದು ಆರೇ ತಿಂಗಳಿಗೆ ನಿವೃತ್ತಿ. ಹೆಣ್ಣಿನ ಕಡೆಯವರಿಗೆ ಏನು ಹೇಳುತ್ತಾನೋ.

ಇಷ್ಟೆಲ್ಲ ಬರೆದವಳು ಮಾಡಿದ್ದೇನು ಎನ್ನುವುದೂ ಇಲ್ಲಿರಲಿ. ಕಳೆದ ವರ್ಷ ನನ್ನ ವಿದ್ಯಾರ್ಥಿಯೊಬ್ಬ ಪೋಷಕರ ಒಪ್ಪಿಗೆಯ ಕಾಗದ ಹಿಡಿದು ಸ್ಟಾಫ್ ರೂಮಿಗೆ ಬಂದ. ಹಿಂದೆ ಅವನ ತಾಯಿ, ಟೊಮೆಟೊ ಮಂಡಿಯಲ್ಲಿ ಕ್ರೇಟು ತುಂಬುವ ಹೆಂಗಸು. "ಮೇಡಂ, ನೀವೇ ತುಂಬಿಕೊಡಿ" ಎಂದ. ತುಂಬಿದೆ. ಹೆಸರು, ಊರು, ಹುಟ್ಟಿದ ತಾರೀಖು. ಹದಿನೆಂಟಕ್ಕೆ ಇನ್ನೂ ಐದು ತಿಂಗಳಿತ್ತು.

"ಇದಕ್ಕೆ ಒತ್ತಿದ್ರೆ ಏನಾಗ್ತದೆ ಮೇಡಂ?" ಎಂದರು ಆಕೆ.

"ನೀವು ಒಪ್ಪಿದೀರಿ ಅಂತ ಆಗ್ತದಮ್ಮ."

"ಒತ್ತದೆ ಹೋದ್ರೆ?"

ನಾನು ಬಾಯಿ ಬಿಡುವ ಮೊದಲೇ ಹುಡುಗ, "ಒತ್ತಮ್ಮಾ, ಟೈಮಾಯ್ತು" ಎಂದ. ಆಫೀಸಿನಿಂದ ಇಂಕ್ ಪ್ಯಾಡು ತರಿಸಿದೆ. ಕಾಯಿ ಆರಿಸಿ ಆರಿಸಿ ಸವೆದ ಬೆರಳು, ಗೆರೆಯೇ ಮೂಡಲಿಲ್ಲ. ಎರಡು ಸಲ ಬರೀ ನೀಲಿ ಮಚ್ಚೆ. ಮೂರನೇ ಸಲ ಅವರ ಹೆಬ್ಬೆರಳು ಹಿಡಿದು ನಾನೇ ಒತ್ತಿಸಿದೆ. ಸೆರಗಿನ ಒಳಮಗ್ಗುಲಲ್ಲಿ ಶಾಯಿ ಒರೆಸಿಕೊಳ್ಳುತ್ತಾ, "ಇನ್ನೆಲ್ಲಾದ್ರೂ ಒತ್ತಬೇಕಾ ಮೇಡಂ?" ಎಂದು ಕೇಳಿದರು.